ಸೂರಿಲ್ಲದ ಮಠಗಳು

ನನ್ನ ಮಗಳ ಸಂಸಾರ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದೆ. ನಾನೂ ನನ್ನ ಮನೆಯಾಕೆಯೂ ಅಲ್ಲಿಗೆ ಹೋಗಿದ್ದಾಗ ಒಂದು ಶನಿವಾರ ಎಲ್ಲರೂ ಕೂಡಿ ಯಾರ್ಕ್‌ಷೈರ್ ಪ್ರಾಂತದ ಹಳೆಯ ಕ್ರೈಸ್ತ ಮಠಗಳನ್ನು ನೋಡಲು ಹೊರಟೆವು. ಬುತ್ತಿಯಲ್ಲಿ ಚಿತ್ರಾನ್ನವಿತ್ತು. ಹೊರಗೆ ಜಿನುಗು ಮಳೆ. ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆ ಕಂಡವರಿಗೆ ಅದು ಮಳೆಯೇ ಅಲ್ಲ!

ಮೊದಲು ಕಂಡದ್ದು ಸ್ಕೆಲ್ ಎಂಬ ಸಣ್ಣ ಹೊಳೆಯ ದಡದ ಫೌಂಟನ್ಸ್ ಮಠ. ಯಾರ್ಕ್ ನಗರದ ಮಠದಲ್ಲಿ ನಿಯಮಗಳು ಸಡಿಲವಾದುವೆಂದು ಬೇಸತ್ತು ಹೊರಬಂದ 13 ಮಂದಿ ಸನ್ಯಾಸಿಗಳು 1132ರಲ್ಲಿ ಇದನ್ನು ಸ್ಥಾಪಿಸಿದರು. ಮುಂದೆ ಕುರಿ ಸಾಕಿ, ಉಣ್ಣೆ ಮಾರಿ ಮಠ ಬಹಳ ಶ್ರೀಮಂತವಾಯಿತು. ಸುಮಾರು 300 ಅಡಿ ಉದ್ದದ ಉಗ್ರಾಣದ ಕಮಾನುಗಳು ಇಂದಿಗೂ ಗಟ್ಟಿಯಾಗಿ ನಿಂತಿವೆ. ಆದರೆ ಇಗರ್ಜಿಯೊಳಗೆ ನಿಂತು ತಲೆಯೆತ್ತಿದರೆ ಕಾಣುವುದು ಬರಿಯ ಆಕಾಶ, ಕಾಲಡಿಯಲ್ಲಿ ಹುಲ್ಲು.

"ಅಜ್ಜಾ, ಇದನ್ನು ಯಾವ ಶತ್ರುಗಳು ಒಡೆದದ್ದು?" ಎಂದು ಮೊಮ್ಮಗ ಕೇಳಿದ.

ಒಡೆಸಿದವರು ಶತ್ರುಗಳಲ್ಲ, ಆ ದೇಶದ ರಾಜನೇ. ಪೋಪರೊಡನೆ ಸಂಬಂಧ ಕಡಿದುಕೊಂಡ ಎಂಟನೆಯ ಹೆನ್ರಿ 1536ರಿಂದ 1540ರೊಳಗೆ ಮಠಗಳನ್ನೆಲ್ಲ ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡ. ಫೌಂಟನ್ಸಿನ ಸರದಿ ಬಂದದ್ದು 1539ರಲ್ಲಿ. ಮಾಡಿಗೆ ಹೊದಿಸಿದ್ದ ಸೀಸಕ್ಕೆ ಒಳ್ಳೆಯ ಬೆಲೆಯಿತ್ತು. ಅದನ್ನು ಕಿತ್ತು ಕರಗಿಸಿದರು. ಕಲ್ಲುಗಳಲ್ಲಿ ಕೆಲವು ಪಕ್ಕದ ಬಂಗಲೆಗೆ ಹೋದುವು. ಉಳಿದ ಕೆಲಸವನ್ನು ಮಳೆ ಮಾಡಿತು.

ಮಧ್ಯಾಹ್ನದ ಮೇಲೆ ರೀವೋ ಮಠಕ್ಕೆ ಹೋದೆವು. ಅದೂ 1132ರದ್ದೇ, ಮುಚ್ಚಿದ್ದು 1538ರಲ್ಲಿ. ಅಲ್ಲಿ ಕರಗಿಸಿದ ಸೀಸದ ಕೆಲವು ಗಟ್ಟಿಗಳ ಮೇಲೆ ಗೋಡೆ ಕುಸಿದುಬಿತ್ತು. 1920ರ ದಶಕದಲ್ಲಿ ಅಗೆದಾಗ ರಾಜಮುದ್ರೆಯೊಡನೆ ಅವು ಹಾಗೆಯೇ ಸಿಕ್ಕಿದುವು. ಯಾರಿಗೂ ದಕ್ಕದ ಆ ಸೀಸ ಕೊನೆಗೆ ಯಾರ್ಕಿನ ದೊಡ್ಡ ಇಗರ್ಜಿಯ ಕಿಟಕಿಯ ದುರಸ್ತಿಗೆ ಒದಗಿತು.

ಹಿಂದಿರುಗುವಾಗ ಕಾರಿನಲ್ಲಿ ನಾನು ಮಾತಾಡಲಿಲ್ಲ. ನನಗೆ ಊರಿನ ನಮ್ಮ ಹಿರಿಯರ ಮನೆ ನೆನಪಾಗಿತ್ತು. ಪಾಲಿನ ವಿಷಯದಲ್ಲಿ ನನಗೂ ತಮ್ಮನಿಗೂ ಮನಸ್ತಾಪ. ಮನೆಗೆ ಬೀಗ. ಮೂರು ಮಳೆಗಾಲಗಳಿಂದ ಒಡೆದ ಹಂಚು ಬದಲಿಸಿದವರಿಲ್ಲ. ಖರ್ಚು ಹಾಕಿದವನು ಸೋತಂತೆ ಎಂದು ಇಬ್ಬರೂ ತಿಳಿದಿದ್ದೆವು. ಇತರರ ರಾಜನನ್ನು ದೂರುವ ಯೋಗ್ಯತೆ ನನಗೆಲ್ಲಿದೆ?

ಊರಿಗೆ ಬಂದವನೇ ತಮ್ಮನಿಗೆ ಫೋನು ಮಾಡಿದೆ. "ಪಾಲಿನ ಮಾತು ಆಮೇಲೆ ಆಡುವ. ಮಳೆಗೆ ಮುಂಚೆ ಮಾಡು ಸರಿಮಾಡಿಸುವ" ಎಂದೆ.

ಸ್ವಲ್ಪ ಹೊತ್ತು ಉತ್ತರವಿರಲಿಲ್ಲ. ಮತ್ತೆ, "ಆಯಿತಣ್ಣ, ಅರ್ಧ ನಾನು ಹಾಕುತ್ತೇನೆ" ಎಂದ.

ಪಾಲಿನ ಮಾತು ಇನ್ನೂ ಮುಗಿದಿಲ್ಲ. ಆದರೆ ಈ ವರ್ಷ ಆ ಮನೆ ಸೋರಲಿಲ್ಲ. ಮಕ್ಕಳೇ, ನಿಮ್ಮ ಮನೆಯ ಮಾಡಿನಲ್ಲಿ ಒಡೆದ ಹಂಚೊಂದು ಕಂಡರೆ ಹಿರಿಯರಿಗೆ ಆಗಲೇ ಹೇಳಿರಿ.