ನಾಲ್ಕು ಅಂಗುಲದ ಉಳಿತಾಯ

ತಮ್ಮನ ಲಾರಿಯ ಲೆಕ್ಕಪತ್ರ ನನ್ನ ಕೈಯಲ್ಲಿದ್ದ ಕಾಲದ ಮಾತು. ಎಂಜಿನ್ನಿನ ಬೀಸಣಿಗೆಯ ರೆಕ್ಕೆಯೊಂದು ಸೀಳಿತು. ಬೆಸುಗೆ ಹಾಕಿದರೆ ಸಮತೂಕ ಕೆಡುವುದೆಂದು ತಮ್ಮ ಮೊದಲಿನಂಥದೇ ಹೊಸದನ್ನು ಬಯಸಿದ. ನಾನೋ, ನಾಲ್ಕು ಅಂಗುಲ ಕಿರಿದಾದ ಹಳೆಯದೊಂದನ್ನು ಅರ್ಧ ಬೆಲೆಗೆ ಕೊಡಿಸಿ ಜಾಣನೆನಿಸಿಕೊಂಡೆ.

ಬರಿದಾಗಿ ಓಡುವಾಗ ಲಾರಿಗೆ ಯಾವ ತೊಡಕೂ ಇರಲಿಲ್ಲ. ಇಳಕಲ್ಲಿನ ಕೆಂಪು ಕಲ್ಲು ಹೇರಿ, ಚೈತ್ರದ ಬಿಸಿಲಿನಲ್ಲಿ ಐಹೊಳೆ ದಾಟಿ ಪಟ್ಟದಕಲ್ಲನ್ನು ಸಮೀಪಿಸುವಷ್ಟರಲ್ಲಿ ಉಷ್ಣಮಾಪಕದ ಮುಳ್ಳು ಕೆಂಪು ಗೆರೆ ಮುಟ್ಟಿತು. ರೇಡಿಯೇಟರಿನ ಮುಚ್ಚಳ ತೆರೆಯಹೋದ ನನ್ನ ಕೈಯನ್ನು ತಮ್ಮ ತಡೆಯದಿದ್ದರೆ ಕುದಿನೀರು ಮುಖಕ್ಕೇ ಚಿಮ್ಮುತ್ತಿತ್ತು.

ಬಾದಾಮಿಯಿಂದ ಬಂದ ಮೇಸ್ತ್ರಿ ಬೀಸಣಿಗೆಗೂ ಅದರ ಕವಚಕ್ಕೂ ನಡುವೆ ಮೂರು ಬೆರಳು ತೂರಿಸಿ ತೋರಿಸಿದ: "ವೇಗದಲ್ಲಿ ಎದುರುಗಾಳಿಯೇ ತಣಿಸುತ್ತದೆ. ಹೊರೆ ಹೊತ್ತು ತೆವಳುವಾಗ ಬೀಸಣಿಗೆಯೊಂದೇ ಗತಿ. ಈ ತೆರಪಿನಲ್ಲಿ ಬಿಸಿಗಾಳಿ ಹಿಂದಿರುಗುತ್ತದೆ. ವ್ಯಾಸ, ರೆಕ್ಕೆಗಳ ಸಂಖ್ಯೆ, ಅವುಗಳ ಓರೆ, ತಿರುಗುವ ದಿಕ್ಕು, ನಾಲ್ಕೂ ಹೊಂದಬೇಕು." ಇನ್ನೆರಡು ಮೈಲಿ ಓಡಿಸಿದ್ದರೆ ಎಂಜಿನ್ನೇ ಹಾಳಾಗಿ, ತಮ್ಮನ ಸಾಲದ ಕಂತುಗಳು ಮಾತ್ರ ಉಳಿಯುತ್ತಿದ್ದವು.

ಸರಿಯಾದ ಬೀಸಣಿಗೆ ಬರುವವರೆಗೆ ವಿರೂಪಾಕ್ಷ ದೇಗುಲದ ನೆರಳಿನಲ್ಲಿ ಕುಳಿತೆವು. ಎಂಟನೆಯ ಶತಮಾನದಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ. ಶಿಲ್ಪಿ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿದೆ. ಕಲ್ಲಿಗೆ ಕಲ್ಲು ಕೂಡಿದ ಸಂದನ್ನು ಸವರುತ್ತ ತಮ್ಮ, "ಇಲ್ಲಿ ಒಂದು ಬೆರಳೂ ಹೋಗದು, ಅಣ್ಣಾ" ಎಂದ. ನಕ್ಕನೇ ಎಂದು ನೋಡಿದೆ, ನಕ್ಕಿರಲಿಲ್ಲ.

ಆ ರಾತ್ರಿ ಹೊಸ ಬೀಸಣಿಗೆಯ ಬೆಲೆಯನ್ನು ಲೆಕ್ಕದ ಪುಸ್ತಕದಲ್ಲಿ ನನ್ನ ಹೆಸರಿಗೇ ಬರೆದುಕೊಂಡೆ.