ಸತ್ತರಿಯಲ್ಲಿ ಬಸ್ಸು ಹುಟ್ಟುವ ಊರು

ಬೆಳಗಾವಿಯಿಂದ ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟಿಯನ್ನಿಳಿದು ಗೋವೆಯನ್ನು ಸೇರುವವರ ಮನಸ್ಸು ಆಗಲೇ ಕಡಲ ತೀರದಲ್ಲಿರುತ್ತದೆ. ಸಾಖಳಿಯಿಂದ ತುಸು ದೂರದಲ್ಲಿರುವ ಹೊಂಡಾ ಗ್ರಾಮವನ್ನು ಯಾರೂ ಪ್ರವಾಸದ ಪಟ್ಟಿಯಲ್ಲಿ ಬರೆದುಕೊಳ್ಳುವುದಿಲ್ಲ. ಆ ಹೆಸರು ಕೇಳಿದೊಡನೆ ಮಕ್ಕಳಿಗೆ ನೆನಪಾಗುವುದು ಜಪಾನಿನ ಮೋಟಾರು ಕಂಪನಿ. ಅದಕ್ಕೂ ಈ ಊರಿಗೂ ಯಾವ ನಂಟೂ ಇಲ್ಲ. ವಿನೋದವೆಂದರೆ, ಸತ್ತರಿ ತಾಲೂಕಿನ ಈ ಹಸಿರಿನ ನಡುವೆಯೂ ಇರುವುದು ಮೋಟಾರು ಉದ್ಯಮವೇ. ಆದರೆ ಟಾಟಾ ಮನೆತನದ ನಂಟಿನದು.

1980ರಲ್ಲಿ, ಗೋವೆ ಇನ್ನೂ ಕೇಂದ್ರಾಡಳಿತ ಪ್ರದೇಶವಾಗಿದ್ದಾಗ, ಟಾಟಾದವರ ಟೆಲ್ಕೊ ಮತ್ತು ಸರ್ಕಾರಿ ಆರ್ಥಿಕ ಅಭಿವೃದ್ಧಿ ನಿಗಮ ಜತೆಗೂಡಿ ಆಟೊಮೊಬೈಲ್ ಕಾರ್ಪೊರೇಷನ್ ಆಫ್ ಗೋವಾ ಸಂಸ್ಥೆಯನ್ನು ಸ್ಥಾಪಿಸಿದವು. ವಾಹನಗಳ ತಗಡಿನ ಭಾಗಗಳನ್ನು ಅಚ್ಚಿನಲ್ಲಿ ಒತ್ತಿ ತಯಾರಿಸುವುದು ಅದರ ಒಂದು ಕಸುಬು. ಸಮೀಪದ ಭುಯಿಂಪಾಲದಲ್ಲಿ ಬಸ್ಸಿನ ಬಾಡಿ ಕಟ್ಟುವುದು ಇನ್ನೊಂದು.

ಬಾಡಿ ಕಟ್ಟುವವರ ಕೈಗೆ ಬರುವ ಚಾಸಿಗೆ ಎಂಜಿನ್ ಉಂಟು, ಚಕ್ರವುಂಟು, ಸ್ಟೇರಿಂಗ್ ಉಂಟು, ಗೋಡೆಯಿಲ್ಲ, ಮಾಡಿಲ್ಲ. ಅದರ ಮೇಲೆ ಉಕ್ಕಿನ ಕೊಳವೆಗಳನ್ನು ಬೆಸೆದು ಹಂದರ ನಿಲ್ಲಿಸಬೇಕು. ಅನಂತರವೇ ನೆಲ, ತಗಡಿನ ಹೊದಿಕೆ, ಬಣ್ಣ, ಗಾಜು, ಆಸನ. ಮಳೆಯಂತೆ ನೀರು ಸುರಿಸಿ ಸೋರಿಕೆಯನ್ನೂ ಪರೀಕ್ಷಿಸುವುದುಂಟು. ಪ್ರಯಾಣಿಕನ ಕಣ್ಣಿಗೆ ಬೀಳುವುದು ಬಣ್ಣ ಮತ್ತು ಆಸನ ಮಾತ್ರ. ಬಸ್ಸು ಮಗುಚಿದಾಗ ಪ್ರಾಣ ಕಾಯುವುದು ಒಳಗೆ ಅಡಗಿದ ಆ ಹಂದರ.

ಒಂದು ಕಾಲದಲ್ಲಿ ಚಾಸಿಯನ್ನು ಕೊಂಡ ಮಾಲೀಕನು ತನಗೆ ಬೇಕಾದ ಗ್ಯಾರೇಜಿನಲ್ಲಿ ಬಾಡಿ ಕಟ್ಟಿಸಿಕೊಳ್ಳುತ್ತಿದ್ದ. ಕುಶಲಿಗಳು ಅಲ್ಲಿಯೂ ಇದ್ದರು. ಆದರೆ ಅಳತೆಯೆಂಬುದು ಅವರವರ ಕೈಗುಣಕ್ಕೆ ಬಿಟ್ಟದ್ದಾಗಿತ್ತು. ಎ.ಐ.ಎಸ್. 052 ಎಂಬ ಬಸ್ ಬಾಡಿ ಸಂಹಿತೆ ಬಾಗಿಲು, ತುರ್ತು ನಿರ್ಗಮನ, ನಡುವಣ ದಾರಿಯ ಅಗಲ, ಆಸನಗಳ ಅಂತರ ಇವೆಲ್ಲಕ್ಕೂ ಲೆಕ್ಕ ಕಟ್ಟಿತು. ಕಾನೂನಿನ ಪುಸ್ತಕದ ಅಂಕಿಗಳು ವೆಲ್ಡಿಂಗ್ ಕಿಡಿಗಳ ನಡುವೆ ರೂಪ ತಳೆಯುವುದು ಇಂಥ ಕಾರ್ಖಾನೆಗಳಲ್ಲಿ.

ಕನ್ನಡ ನೆಲಕ್ಕೂ ಈ ಕಸುಬು ಹೊಸದಲ್ಲ. ಟಾಟಾ ಮೋಟಾರ್ಸ್ ಬ್ರೆಜಿಲಿನ ಮಾರ್ಕೊಪೋಲೊ ಕಂಪನಿಯೊಡನೆ ಸೇರಿ ಧಾರವಾಡದಲ್ಲಿ ಬಸ್ ಕಾರ್ಖಾನೆಯನ್ನು ಕಟ್ಟಿತು. ಘಟ್ಟದ ಮೇಲೊಂದು, ಕೆಳಗೊಂದು. ನಡುವೆ ನಿತ್ಯ ಓಡಾಡುವ ಕುಟುಂಬಗಳು.

ಗೇಟು ದಾಟಿದ ಬಸ್ಸಿನ ಹೊಣೆ ಮಾಲೀಕನದೂ ಹೌದು. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ. ಆದರೂ ಹೆಚ್ಚುವರಿ ಆಸನವೊಂದು ತುರ್ತು ಬಾಗಿಲಿಗೆ ಅಡ್ಡವಾಗಿ ಬಂದು ಕೂರುವುದು ಅಪರೂಪವಲ್ಲ. ಅದನ್ನು ಆರ್.ಟಿ.ಒ. ಅಧಿಕಾರಿ ಕಾಣುವುದು ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ. ಶಾಲೆಯ ಮುಂದೆ ಮಗುವನ್ನು ಹತ್ತಿಸುವ ತಾಯಿ ಕಾಣುವುದು ದಿನವೂ.