ಕಾಲುದಾರಿಯೋ, ಕಾಲು ದಾರಿಯೋ?

ಐದನೆಯ ತರಗತಿಯ ನನ್ನ ಮಗಳು ಒಂದು ಸಂಜೆ ಪುಸ್ತಕ ಮುಚ್ಚಿಟ್ಟು, 'ಅಪ್ಪಾ, ಇನ್ನ ಮ್ಯಾಲೆ ಸಾಲ್ಯಾಗ ನಾ ಜೋರಾಗಿ ಓದಂಗಿಲ್ಲ' ಎಂದಳು. ಎದ್ದು ನಿಂತು ಪಾಠ ಓದುವಾಗ 'ಕಾಲು' ಎಂದು ಉಸಿರು ನಿಲ್ಲಿಸಿ, ಆಮೇಲೆ 'ದಾರಿ' ಎಂದಳಂತೆ. 'ಉಳಿದ ಮುಕ್ಕಾಲು ದಾರಿ ಎಲ್ಲೈತಿ?' ಎಂದು ಹಿಂದಿನಿಂದ ಯಾರೋ ಕೇಳಿದರು. ತರಗತಿಗೆ ತರಗತಿಯೇ ನಕ್ಕಿತು.

ಲಕ್ಷ್ಯಗೊಟ್ಟು ಓದಬೇಕು ಎಂದು ನಾನೂ ಗದರಿದೆ. ಆಮೇಲೆ ಪುಸ್ತಕ ತೆರೆದರೆ, ಸಾಲಿನ ಕೊನೆಗೆ 'ಕಾಲು', ಮುಂದಿನ ಸಾಲಿಗೆ 'ದಾರಿ'! ಅಚ್ಚಿನವರು ಜಾಗ ನೋಡಿ ಮುರಿದಿದ್ದರು, ಮಗು ಮುರಿದಲ್ಲಿ ನಿಂತಿತ್ತು. ಗದರುವ ಮುನ್ನ ನಾನು ಪುಸ್ತಕ ನೋಡಬೇಕಿತ್ತು.

ಕನ್ನಡದ ಸಮಾಸ ಎಷ್ಟೋ ಕಡೆ ತನ್ನ ಬೆಸುಗೆಯನ್ನು ತಾನೇ ತೋರಿಸುತ್ತದೆ. ಮಳೆ, ಕಾಲ ಕೂಡಿದರೆ ಮಳೆಗಾಲ. ಬೆಟ್ಟ, ತಾವರೆ ಕೂಡಿದರೆ ಬೆಟ್ಟದಾವರೆ. ಕಕಾರ ಗಕಾರವಾಯಿತು, ತಕಾರ ದಕಾರವಾಯಿತು ಎಂದರೆ ಎರಡು ಪದ ಒಂದಾದವು ಎಂದೇ ಅರ್ಥ. ವ್ಯಾಕರಣದ ಮೇಷ್ಟ್ರು ಹೇಳುವ ಆದೇಶ ಸಂಧಿ ಇದೇ. ಪಾಪ, ಕಾಲುದಾರಿಗೆ ಆ ಭಾಗ್ಯವಿಲ್ಲ. ದಾರಿಯ ದಕಾರ ಮೊದಲಿನಿಂದಲೂ ದಕಾರವೇ. ಅಲ್ಲಿ ಒಂದೇ ಉಸಿರಿನಲ್ಲಿ ಹೇಳುವುದೇ ಗುರುತು.

ದೂರದ ನಾರ್ವೆಯಲ್ಲೂ ಇದೇ ಪೇಚು. ಅವರ ಭಾಷೆಯಲ್ಲಿ 'ಧೂಮಪಾನವಿಲ್ಲದ' ಎಂಬುದು ಒಂದೇ ಸಮಾಸಪದ. ಅದನ್ನು ಬಿಡಿಸಿ ಬರೆದರೆ 'ಧಾರಾಳವಾಗಿ ಸೇದಿ' ಎಂದಾಗುತ್ತದೆ! ಮಾತಿನಲ್ಲಿ ಒತ್ತು ಕಾಪಾಡುತ್ತದೆ: ಸಮಾಸವಾದರೆ ಮುಖ್ಯ ಒತ್ತು ಮೊದಲ ಪದಕ್ಕೆ, ಬಿಡಿಯಾದರೆ ಎರಡಕ್ಕೂ.

ನಮ್ಮಲ್ಲಿ ಒತ್ತಿನಿಂದ ಅರ್ಥ ಬದಲಾಗುವುದಿಲ್ಲ. ಆದರೆ ಕಣ್ಣಿಗೂ ಬಾಯಿಗೂ ಜಗಳವಿದ್ದೇ ಇದೆ. ಅಂದು ರಾತ್ರಿ ಮಗಳಿಗೆ ನಮ್ಮೂರ ಹೆಸರನ್ನು ಬಿಡಿಸಿ ಬರೆಯಲು ಹೇಳಿದೆ. ಕು-ಷ್ಟ-ಗಿ ಎಂದು ಬರೆದಳು. ಚಪ್ಪಾಳೆ ತಟ್ಟುತ್ತ ಹೇಳು ಎಂದೆ. ಕುಷ್-ಟ-ಗಿ! ಕೈ ತಡೆದು ನಿಂತಳು. ಷಕಾರ ಬರಹದಲ್ಲಿ ಟಕಾರದ ಜೊತೆಗಿದ್ದರೂ ನಾಲಿಗೆಯಲ್ಲಿ ಹಿಂದಿನ 'ಕು'ವಿಗೆ ಆತುಕೊಂಡಿದೆ. ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ಛಂದಸ್ಸಿನಲ್ಲಿ ಬಾಯಿಪಾಠ ಮಾಡಿಸುತ್ತಾರಲ್ಲ, ಕಾರಣ ಇಷ್ಟೇ. ಒಂದು ಗುರು, ಎರಡು ಲಘು, ಒಟ್ಟು 4 ಮಾತ್ರೆ. ಆಮೇಲೆ ಮನೆಮಂದಿಯ ಹೆಸರಿಗೆಲ್ಲ ಚಪ್ಪಾಳೆ ಬಿತ್ತು. ಮಲಗುವ ಹೊತ್ತು ಮೀರಿತು.

ಮರುದಿನ ಬಸ್ ನಿಲ್ದಾಣದಲ್ಲಿ ತಾವರಗೇರಾ ಬಸ್ಸು ನಿಂತಿತ್ತು. ಮಗಳು ಬೋರ್ಡು ಓದಿ, 'ಅಪ್ಪಾ, ತಾವರಿ ಐತಿ, ಕೆರಿ ಗೇರಾ ಆಗಿ ಕುಂತೈತೇನು?' ಎಂದು ಕೂಗಿ ಕೇಳಿದಳು. ನಾಲ್ಕಾರು ಜನ ತಿರುಗಿ ನೋಡಿದರು. ಅವಳು ದನಿ ತಗ್ಗಿಸದೆ ಪಕ್ಕದ ಬಸ್ಸಿನ ಬೋರ್ಡನ್ನು ಓದತೊಡಗಿದಳು.